ಹಿನಕಲ್ಲಿನ ಕರೆಂಟಮ್ಮ ಮತ್ತು ಹೆಜ್ಜೆಯಿಡದ ಹಸು

ಕತ್ತಲು ಇನ್ನೂ ಕದಲಿಲ್ಲ. ಹಿನಕಲ್‌ನ ಹಳೆಯ ಬೀದಿಯಲ್ಲಿ ಹೆಂಚಿನ ಮನೆಯೊಂದರ ಬಾಗಿಲನ್ನು ಯಾರೋ ಬಿಟ್ಟೂಬಿಡದೆ ಬಡಿಯುತ್ತಿದ್ದಾರೆ. ಚಾಮುಂಡೇಶ್ವರಿ ಎದ್ದು ಚಿಲಕ ತೆಗೆದರೆ, ಒದ್ದೆ ತಲೆಯಲ್ಲಿ, ಮಡಿಪಂಚೆಯುಟ್ಟು ನಿಂತಿದ್ದಾರೆ ಸದಾಶಿವಯ್ಯ. ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ ಮಾಡುವ ಈ ಮನುಷ್ಯ, ಎರಡು ಬೀದಿ ಆಚೆ ಹಳೆಯ ಮನೆಯೊಂದನ್ನು ಕೊಂಡಿದ್ದಾರೆ. ಇವತ್ತು ಅದರ ಗೃಹಪ್ರವೇಶ.

"ಸ್ವಲ್ಪ ಬರ್ತೀರಾ, ಕರೆಂಟಮ್ಮ?"

"ಏನಾಯ್ತು ಯಜಮಾನ್ರೆ? ಕರೆಂಟ್ ಹೋಯ್ತಾ?"

"ಕರೆಂಟ್ ಇದೆ. ನೀವು ಬನ್ನಿ."

ಅಷ್ಟು ಹೇಳಿ ಅವರು ತಿರುಗಿ ನಡೆದೇಬಿಡುತ್ತಾರೆ. ಚಾಮುಂಡೇಶ್ವರಿ ಸಲಕರಣೆಯ ಚೀಲಕ್ಕಾಗಿ ಕೈಚಾಚುವ ಮೊದಲೇ ಅವರ ಪತಿ, ಆಟೊ ಓಡಿಸುವ ಜವರಪ್ಪ, ಅದನ್ನು ಗೂಟದಿಂದ ಇಳಿಸಿ ಮುಂದೆ ಹಿಡಿದಿದ್ದಾರೆ. ಹರಿದ ಚೀಲಕ್ಕೆ ನೀಲಿ ರೆಕ್ಸಿನ್ನಿನ ತೇಪೆ. ಹೋದ ತಿಂಗಳು ಆಟೊ ಸೀಟು ಹೊಲಿಸಿದಾಗ ಉಳಿದ ಚೂರು.

"ನಾನೂ ಬರ್ಲೇನೆ, ಚಾಮಿ?"

"ನೀವು ಬಂದೇನ್ ಮಾಡ್ತೀರಿ? ಹೊಸ ಮನೆಗೆ ಮೀಟರ್ ಹಾಕ್ತೀರಾ?" ಎಂದು ನಗುತ್ತ ಆಕೆ ಬೀದಿಗಿಳಿಯುತ್ತಾರೆ.

ಮೈಮೇಲೆ ಚೂಡಿದಾರ, ಅದರ ಮೇಲೆ ಗಂಡನ ಹಳೆಯ ಖಾಕಿ ಅಂಗಿ, ಕಾಲಿಗೆ ದಪ್ಪ ರಬ್ಬರ್ ಚಪ್ಪಲಿ. ಕತ್ತಲಲ್ಲಿ ನೋಡಿದವರು ಆಟೊದವರೆಂದೇ ಭಾವಿಸಬೇಕು. ಕುತ್ತಿಗೆಯಲ್ಲಿ ಚಿನ್ನದ ಸರವಿಲ್ಲ. ಅರಿಶಿನದ ದಾರಕ್ಕೆ ಕಟ್ಟಿದ ಅರಿಶಿನದ ಕೊಂಬು ಅಂಗಿಯ ಒಳಗೆ ಸೇರಿಕೊಂಡಿದೆ. ತಾಳಿಯನ್ನು ದಾರಕ್ಕೆ ಇಳಿಸಿದ ದಿನ ಅತ್ತೆಯವರು ಊಟ ಬಿಟ್ಟಿದ್ದರಂತೆ. "ಚಿನ್ನದೊಳಗೆ ಕರೆಂಟ್ ಹರೀತದೆ ಅತ್ತೆ, ದಾರದಾಗೆ ಹರಿಯಲ್ಲ. ನಿಮ್ಮ ಮಗ ಚೆನ್ನಾಗಿರ್ಬೇಕು ಅಂತಾನೇ ತಾಳಿ. ನಾನೂ ಚೆನ್ನಾಗಿದ್ರೆ ಅವರಿಗೇನು ನಷ್ಟವಾ?" ಎಂದು ಕೇಳಿ, ರಾತ್ರಿಯ ಹೊತ್ತಿಗೆ ಮುದ್ದೆ ಉಣ್ಣಿಸಿದ್ದರು. ಕೈತುಂಬ ಗಾಜಿನ ಬಳೆಗಳು ಮಾತ್ರ ಹಾಗೇ ಉಳಿದಿವೆ. ಗಾಜಿಗೆ ಕರೆಂಟಿನ ಹಂಗಿಲ್ಲ.

ತೊಂಬತ್ತರ ದಶಕದ ಆರಂಭದಲ್ಲಿ ಐಟಿಐ ಸೇರಿದಾಗ ಎಲೆಕ್ಟ್ರಿಷಿಯನ್ ತರಗತಿಯಲ್ಲಿ ಆಕೆಯೊಬ್ಬರೇ ಹುಡುಗಿ. ಓದು ಮುಗಿದ ಮೇಲೆ ಹೆಬ್ಬಾಳದಲ್ಲಿ ಸ್ವಿಚ್ ಬೋರ್ಡ್ ಜೋಡಿಸುವ ಚಿಕ್ಕ ಘಟಕವೊಂದರಲ್ಲಿ ಕೆಲಸ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಅದಕ್ಕೆ ಬೀಗ ಬಿತ್ತು. ಮುಂದೇನೆಂದು ಕೈಕಟ್ಟಿ ಕೂತಿದ್ದಾಗ ದಾರಿ ತೋರಿದವರು ಬೀದಿಯ ಹೆಂಗಸರೇ. ಗಂಡಸರು ಪಾಳಿಗೆ ಹೋದ ಹೊತ್ತಿನಲ್ಲಿ ಫ್ಯೂಸ್ ಹೋದರೆ, ಗುರುತಿಲ್ಲದವರನ್ನು ಒಳಗೆ ಕರೆಯಲು ಹಿಂಜರಿಯುವ ಮನೆಗಳು ಒಂದೊಂದಾಗಿ ಚಾಮುಂಡೇಶ್ವರಿಯವರನ್ನು ಕೂಗತೊಡಗಿದವು. ಹಾಗೆ ಬಂದದ್ದು 'ಕರೆಂಟಮ್ಮ' ಎಂಬ ಹೆಸರು. ಇಂದು ದಟ್ಟಗಳ್ಳಿಯ ಹೊಸ ಬಡಾವಣೆಗಳಿಂದಲೂ ಕರೆ ಬರುತ್ತದೆ. ದಿನಕ್ಕೆ ಮೂರು ನಾಲ್ಕು ಮನೆ. ದಸರೆ ಹತ್ತಿರವಾದರೆ ಊಟಕ್ಕೂ ಬಿಡುವಿಲ್ಲ. ಏಣಿ ಹತ್ತುವಾಗ ಕೆಳಗಿನಿಂದ ಬರುವ ಬಿಟ್ಟಿ ಸಲಹೆಗಳೇ ಈ ಕೆಲಸದ ದೊಡ್ಡ ಕಷ್ಟ ಎನ್ನುತ್ತಾರೆ.

ಸದಾಶಿವಯ್ಯನವರ ಮನೆಯಲ್ಲಿ ಆಕೆ ಎರಡು ದಿನ ದುಡಿದಿದ್ದಾರೆ. ಅಲ್ಲಿದ್ದದ್ದು ಗೆದ್ದಲು ಹಿಡಿದ ಮರದ ಹಲಗೆ, ಪಿಂಗಾಣಿ ಫ್ಯೂಸುಗಳು, ಅವುಗಳಲ್ಲಿ ಏನಾದರೂ ಕರಗದಂಥ ಕಡ್ಡಿ ದಪ್ಪದ ತಂತಿ. ಮೇನ್ ಸ್ವಿಚ್ಚಿನ ಕತೆ ಇನ್ನೂ ಕೆಟ್ಟದ್ದು. ಯಾರೋ ಕರೆಂಟ್ ತರುವ ಫೇಸ್ ತಂತಿಯನ್ನು ಬಿಟ್ಟು, ಹಿಂದಿರುಗುವ ನ್ಯೂಟ್ರಲ್ ತಂತಿಯನ್ನಷ್ಟೇ ಸ್ವಿಚ್ಚಿಗೆ ಕೊಟ್ಟಿದ್ದರು. "ಮೇನ್ ಆಫ್ ಮಾಡಿದ್ರೆ ಬಲ್ಬೆಲ್ಲ ಆರೋಗ್ತವೆ. ಆದ್ರೆ ತಂತಿ ಒಳಗೆ ಹಾವು ಮಲಗೇ ಇರ್ತದೆ, ಎದ್ದೋಗಿರಲ್ಲ," ಎಂದು ಆಕೆ ಯಜಮಾನರಿಗೆ ವಿವರಿಸಿದ್ದರು. ಮೀಟರಿನ ಬಳಿ, ಮನೆಗೆ ಬರುವ ಕರೆಂಟನ್ನೇ ಕಡಿಯುವ ಕಟೌಟ್ ಫ್ಯೂಸ್ ಕಿತ್ತು, ತಂತಿ ಸತ್ತಿದೆಯೆಂದು ಪರೀಕ್ಷೆಯ ಬಲ್ಬು ತಾಗಿಸಿ ಖಾತ್ರಿ ಮಾಡಿಕೊಂಡು, ಹಳೆಯ ಹಲಗೆಯನ್ನು ಇಳಿಸಿ ಹೊಸ ಡಬ್ಬಿ ಕೂರಿಸಿದ್ದರು. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ ಮೇನ್ ಸ್ವಿಚ್. ಅದರ ನಂತರ, ಕರೆಂಟ್ ದಾರಿತಪ್ಪಿ ನೆಲಕ್ಕೆ ಸೋರಿದರೆ ತಾನೇ ಬಿದ್ದು ಅದನ್ನು ತಡೆಯುವ ಟ್ರಿಪ್ಪರ್. ಆಮೇಲೆ ಒಂದೊಂದು ಕೋಣೆಗೆ ಒಂದೊಂದು ಪುಟ್ಟ ಸ್ವಿಚ್. ನಿನ್ನೆ ಸಂಜೆ ಎಲ್ಲವನ್ನೂ ಪರೀಕ್ಷಿಸಿ, ಮನೆಗೆ ಬಂದು, ಗೋಡೆಗೊರಗಿದಲ್ಲೇ ನಿದ್ದೆ ಹೋಗಿದ್ದರು.

ಇಷ್ಟು ಮಾಡಿದ ಮೇಲೂ ಯಜಮಾನರ ಬಾಯಿ ಕಟ್ಟಿಸುವಂಥದ್ದು ಏನಾಗಿದೆ?

ಚಪ್ಪರದ ಮುಂದೆ ನಿಂತಾಗ ಉತ್ತರ ಸಿಗುತ್ತದೆ. ಗೇಟಿನ ಎರಡೂ ಬದಿ ಬಾಳೆಕಂಬ, ಅವಕ್ಕೆ ಸುತ್ತಿದ ಸೀರಿಯಲ್ ಸೆಟ್ಟಿನ ಕೆಂಪು ಹಸಿರು ದೀಪಗಳು. ಸೂರ್ಯೋದಯಕ್ಕೆ ಮುಂಚೆ ಮನೆಯೊಳಗೆ ಮೊದಲ ಹೆಜ್ಜೆಯಿಡಬೇಕಾದ ಹಸು ಗೇಟಿನಲ್ಲೇ ನಿಂತುಬಿಟ್ಟಿದೆ. ಮುಂದಕ್ಕೆ ಎಳೆದರೆ ಹಿಂದಕ್ಕೆ ಜಗ್ಗುತ್ತಿದೆ. ಯಜಮಾನಿ ಮಂಜುಳಮ್ಮನ ಸೊಂಟದಲ್ಲಿ ಕಳಶ, ಕಣ್ಣಲ್ಲಿ ನೀರು. ಪೂಜೆಗೆ ಬಂದ ಅಯ್ಯನವರು ಪೂರ್ವದ ಕಡೆಗೇ ನೋಡುತ್ತಿದ್ದಾರೆ. ಶುಭದಿನದಂದು 'ಹಸು ಒಳಗೆ ಬರುತ್ತಿಲ್ಲ' ಎಂದು ಬಾಯಿಬಿಟ್ಟು ಹೇಳಲು ಸದಾಶಿವಯ್ಯನವರಿಗೆ ನಾಲಗೆ ಏಳದಿದ್ದುದು ಸಹಜವೇ.

"ಎಷ್ಟು ಮನೆ ಹೊಕ್ಕವ್ಳೋ ನಮ್ಮ ಗೌರಿ!" ಹಸುವಿನ ಒಡೆಯ, ಬೀದಿಗೆಲ್ಲ ಹಾಲು ಹಾಕುವ ಬೀರಯ್ಯ ಬೆವರೊರೆಸಿಕೊಳ್ಳುತ್ತಾರೆ. "ಬೆಲ್ಲ ತೋರ್ಸುದ್ರೆ ಅಡುಗೆಮನೆಗಂಟ ಬತ್ತಾಳೆ ಕಣವ್ವ. ಇವತ್ತು ಎಂಗೆ ಮೊಂಡು ಹಿಡಿದವ್ಳೆ ನೋಡು."

"ಮನೇಲೇ ದೋಷ ಇರ್ಬೇಕು," ಎನ್ನುತ್ತಾರೆ ಎದುರು ಮನೆಯ ಸುಂದರಮ್ಮ. "ಹೆಂಗಸಿನ ಕೈಲಿ ಕರೆಂಟ್ ಪೆಟ್ಟಿಗೆ ಮುಟ್ಟಿಸ್ಬೇಡಿ ಅಂತ ನಾನು ಆವತ್ತೇ ಬಡ್ಕೊಂಡೆ."

ಮಾತು ಚಾಮುಂಡೇಶ್ವರಿಯವರ ಎದೆಗೆ ನಾಟುತ್ತದೆ. ಬೆಳಕು ಹರಿಯುವುದರೊಳಗೆ ಗೌರಿ ಒಳಗೆ ಹೋಗದಿದ್ದರೆ ಈ ಮನೆಗೆ ಅಪಶಕುನದ ಹೆಸರು. ಜೊತೆಗೆ, ಕರೆಂಟಮ್ಮನಿಗೆ ಇನ್ನು ಯಾವ ಮನೆಯ ಬಾಗಿಲೂ ತೆರೆಯದು.

ಎಲ್ಲರೂ ಹಸುವಿನ ಮುಖ ನೋಡುತ್ತಿದ್ದರೆ ಚಾಮುಂಡೇಶ್ವರಿ ಕಾಲು ನೋಡುತ್ತಾರೆ. ಆಗತಾನೆ ತೊಳೆದ ಕಲ್ಲುಚಪ್ಪಡಿಯ ಮೇಲೆ ಮುಂಗಾಲೂರುವುದೇ ತಡ, ಕೆಂಡ ತುಳಿದಂತೆ ಗೌರಿ ಅದನ್ನು ಕೀಳುತ್ತಾಳೆ. ಒಣ ಮಣ್ಣಿನ ಮೇಲೆ ನಿಂತರೆ ಸುಮ್ಮನಿರುತ್ತಾಳೆ.

"ಮಂಜುಳಮ್ಮ, ನಿಮಗೆ ಕಾಲು ಜುಮ್ ಅಂತಾ?"

"ಹೌದು ಕಣ್ರೀ. ತಣ್ಣೀರಿಗೆ ಅಂದ್ಕೊಂಡೆ."

"ಎಲ್ಲ ಆಚೆ ಬನ್ನಿ! ಗೇಟ್ ಯಾರೂ ಮುಟ್ಬೇಡಿ!"

ಆಕೆ ಮಗ್ಗುಲಿನ ಓಣಿಯಿಂದ ಜಗಲಿಗೆ ಓಡುತ್ತಾರೆ. "ಅಯ್ಯೋ, ಚಪ್ಪಲಿ ಮೆಟ್ಕೊಂಡೇ ಹೋದ್ಲಲ್ಲ!" ಎಂದು ಸುಂದರಮ್ಮ ಚೀರುತ್ತಾರೆ. "ಇದೇ ನನ್ನ ಮಡಿ ಕಣಮ್ಮ," ಎಂಬ ಉತ್ತರ ಜಗಲಿಯಿಂದ ಬರುತ್ತದೆ. ಬಳೆಗಳ ಸದ್ದು. ಮೇನ್ ಸ್ವಿಚ್ ಕೆಳಗಿಳಿಯುತ್ತದೆ. ಮನೆ ಪೂರ್ತಿ ಕತ್ತಲಾಗುತ್ತದೆ.

ಆದರೆ ಬಾಳೆಕಂಬದ ದೀಪಗಳು ಮಾತ್ರ ಮಿನುಗುತ್ತಲೇ ಇವೆ.

ಮೇನ್ ಆರಿಸಿದ ಮೇಲೂ ಉರಿಯುವ ದೀಪ! ನೆರೆದವರು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಕರೆಂಟಮ್ಮನ ಕೈ ಮಾತ್ರ ನೇರ ಮೀಟರಿನತ್ತ ಹೋಗುತ್ತದೆ. ಕಟೌಟ್ ಫ್ಯೂಸ್ ಕಿತ್ತ ಕ್ಷಣ ದೀಪಗಳೂ ಆರುತ್ತವೆ. ಗೇಟಿಗೆ ಟೆಸ್ಟರ್ ಇಟ್ಟು, ಇನ್ನೊಮ್ಮೆ ಚಪ್ಪಡಿಗೂ ಇಟ್ಟು ನೋಡಿ ಆಕೆ ಕೈಬೀಸುತ್ತಾರೆ.

"ಈಗ ಬಿಡಿ, ಬೀರಯ್ಯಣ್ಣ."

ಗೌರಿ ಚಪ್ಪಡಿಯನ್ನೊಮ್ಮೆ ಮೂಸುತ್ತಾಳೆ. ಒಂದು ಕಾಲು, ಇನ್ನೊಂದು ಕಾಲು. ಆಮೇಲೆ ಯಾರ ಅಪ್ಪಣೆಗೂ ಕಾಯದೆ ಹೊಸ್ತಿಲು ದಾಟಿ, ನಡುಮನೆಯಲ್ಲಿ ಸಗಣಿ ಹಾಕಿ, ಅಡುಗೆಮನೆಯ ಬೆಲ್ಲದ ತಟ್ಟೆಗೆ ಬಾಯಿಡುತ್ತಾಳೆ. ಅಯ್ಯನವರು ಗಂಟೆ ಬಾರಿಸುತ್ತಾರೆ. ಮಂಜುಳಮ್ಮ ಅಳುತ್ತಲೇ ನಗುತ್ತಾರೆ. ಕಿಟಕಿಯಲ್ಲಿ ಬೆಳಕು ಮೂಡುವಾಗ ಒಲೆಯ ಮೇಲೆ ಹಾಲು ಉಕ್ಕುತ್ತದೆ.

ಆದದ್ದೇನೆಂದು ಬಿಡಿಸುವುದು ಚಾಮುಂಡೇಶ್ವರಿಯವರಿಗೆ ಕಷ್ಟವಾಗುವುದಿಲ್ಲ. ಸೀರಿಯಲ್ ಸೆಟ್ಟಿನ ತಂತಿಯೊಂದು ಸುಲಿದು, ಒದ್ದೆ ಬಾಳೆಕಂಬಕ್ಕೂ ಕಬ್ಬಿಣದ ಗೇಟಿಗೂ ತಾಗಿತ್ತು. ಟ್ರಿಪ್ಪರ್ ತನ್ನ ಧರ್ಮ ಪಾಲಿಸಿ ರಾತ್ರಿಯೇ ಬಿದ್ದಿದೆ. ದೀಪ ಆರಿತಲ್ಲ ಎಂದು ಯಾರೋ ಸೆಟ್ಟಿನ ತಂತಿಯನ್ನು ಹೊಸ ಡಬ್ಬಿಯಿಂದ ಬಿಡಿಸಿ, ಮೇನ್ ಸ್ವಿಚ್ಚಿಗೂ ಮೊದಲೇ, ಒಳಬರುವ ತಂತಿಗೆ ನೇರ ಸೇರಿಸಿ, ಟ್ರಿಪ್ಪರನ್ನು ಮತ್ತೆ ಎತ್ತಿಬಿಟ್ಟಿದ್ದಾರೆ. ಸೋರುವ ಕರೆಂಟನ್ನು ತಡೆಯುವವರೇ ಇಲ್ಲದಂತಾಗಿದೆ. ಒದ್ದೆ ಕೈಯಲ್ಲಿ ಗೇಟು ಹಿಡಿಯುವ ಮೊದಲ ಮನುಷ್ಯನಿಗೆ ಏನಾಗುತ್ತಿತ್ತೆಂದು ಯಾರೂ ಕೇಳುವುದಿಲ್ಲ. ಎಲ್ಲರೂ ಗೌರಿಯ ಬೆನ್ನು ಸವರುತ್ತಾರೆ.

ಕೇಳುವುದು ಇನ್ನೊಂದು ಪ್ರಶ್ನೆ: ಮಾಡಿದವರು ಯಾರು?

"ನಮ್ಮಪ್ಪನಾಣೆಗೂ ನಾನಲ್ಲ ಕಣಕ್ಕ!" ದೀಪ ಬಾಡಿಗೆಗೆ ಕೊಟ್ಟ ಮಹೇಶ್ ಕೈಮುಗಿಯುತ್ತಾನೆ. "ಲೈಟ್ ಹೋದಾಗ ನಾನು ಎಲೆ ಮುಂದೆ ಕೂತಿದ್ದೆ. ಪಾಯಸ ಮುಗಿಸಿ ಬಂದ್ರೆ ಉರೀತಿತ್ತು. ದೇವರು ದೊಡ್ಡೋನು ಅಂದ್ಕೊಂಡು ಮಲಗ್ಬುಟ್ಟೆ."

ಸದಾಶಿವಯ್ಯನವರಿಗೂ ಗೊತ್ತಿಲ್ಲ. ಬಂದವರು, ಉಂಡವರು, ಆಟೊದಲ್ಲಿ ಪಾತ್ರೆ ಕುರ್ಚಿ ತಂದು ಇಳಿಸಿಹೋದವರು, ರಾತ್ರಿ ಅಲ್ಲಿ ಬೀದಿಯೇ ನೆರೆದಿತ್ತು.

ಚಾಮುಂಡೇಶ್ವರಿ ಆ ಜೋಡಣೆಯನ್ನು ಬಿಚ್ಚುತ್ತಾರೆ. ಕೆಲಸ ತಪ್ಪು, ಆದರೆ ಒರಟಲ್ಲ. ಕಟೌಟ್ ಕಿತ್ತಿಟ್ಟುಕೊಂಡು, ನಿಧಾನವಾಗಿ ಮಾಡಿದ ಕೈ. ತಂತಿಯ ಗಂಟಿಗೆ ಸುತ್ತಿದ್ದು ಮಾತ್ರ ಕರೆಂಟಿನ ಟೇಪಲ್ಲ. ಒಂದು ತುಂಡು ನೀಲಿ ರೆಕ್ಸಿನ್. ಅದನ್ನು ಅಂಗೈಯಲ್ಲಿಟ್ಟು ನೋಡಿದ ಆಕೆಯ ತುಟಿ ಬಿಗಿಯುತ್ತದೆ, ಆಮೇಲೆ ಸಡಿಲಾಗುತ್ತದೆ. ತುಂಡು ಖಾಕಿ ಅಂಗಿಯ ಜೇಬಿಗೆ ಹೋಗುತ್ತದೆ.

"ಯಾರೂಂತ ಗೊತ್ತಾಯ್ತೇನಮ್ಮ?" ಸದಾಶಿವಯ್ಯ ಕೇಳುತ್ತಾರೆ.

"ಗೊತ್ತಾಯ್ತು. ನಾನು ವಿಚಾರಿಸ್ಕೋತೀನಿ ಬುಡಿ."

ಊಟದ ಪಂಕ್ತಿಯಲ್ಲಿ ಸುಂದರಮ್ಮನೇ ಬಂದು ಪಕ್ಕದಲ್ಲಿ ಕೂರುತ್ತಾರೆ. "ನಮ್ಮ ಮನೆ ಪೆಟ್ಟಿಗೇನೂ ಒಂದು ಸಲ ನೋಡೇ. ನಮ್ಮ ಯಜಮಾನ್ರು ಇಲ್ದಾಗ ಬಾ. ಇದ್ರೆ ಅದನ್ನೂ ಇದನ್ನೂ ಹೇಳಿ ತಲೆ ತಿಂತಾರೆ."

"ಬತ್ತೀನಿ ಕಣಮ್ಮ. ಚಪ್ಪಲಿ ಹಾಕ್ಕೊಂಡೇ ಬತ್ತೀನಿ."

ಸಂಜೆ ಹಿನಕಲ್‌ನ ಹೆಂಚಿನ ಮನೆಯ ಜಗಲಿಯಲ್ಲಿ, ಸದಾಶಿವಯ್ಯನವರ ಮನೆಯಿಂದ ಇಳಿಸಿ ತಂದ ಹಳೆಯ ಮೇನ್ ಸ್ವಿಚ್ ಬಿಚ್ಚಿಕೊಂಡು ಕೂತಿದೆ. ಕರೆಂಟಮ್ಮನ ಆಸೆ ದೊಡ್ಡದೇನಲ್ಲ: ತನ್ನ ಕೈಗೆ ಜೊತೆಯಾಗಿ, ತನ್ನಷ್ಟೇ ಸರಿಯಾಗಿ ಮೇನ್ ಸ್ವಿಚ್ ಕೂರಿಸಬಲ್ಲ ಇನ್ನೊಂದು ಕೈ ಬೇಕು. ಆ ಕೈಗೆ ಇವತ್ತಿನಿಂದ ಪಾಠ. ಎದುರಿಗೆ ತಲೆತಗ್ಗಿಸಿ ಕೂತ ವಿದ್ಯಾರ್ಥಿ ಮಧ್ಯಾಹ್ನದಿಂದ ಬೈಗುಳ ತಿಂದು, ಈಗ ಕಾಫಿ ಮಾಡಿ ತಂದಿಟ್ಟಿದ್ದಾನೆ. "ನೀನು ದಣಿದು ಮಲಗಿದ್ದೆ, ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ," ಎಂಬುದೊಂದೇ ಆತನ ಸಮಜಾಯಿಷಿ.

"ಬೈಯೋದೆಲ್ಲ ಬೈದಿದ್ದೀನಿ," ಎನ್ನುತ್ತಾರೆ ಚಾಮುಂಡೇಶ್ವರಿ, ಕಾಫಿ ಹೀರುತ್ತ. "ಆದ್ರೂ ಒಂದು ಮಾತು ಹೇಳ್ಬೇಕು. ತಂತಿ ಮುಟ್ಟೋ ಮುಂಚೆ ಕಟೌಟ್ ಕಿತ್ತವ್ರೆ. ಅಷ್ಟು ನನ್ನ ನೋಡೇ ಕಲ್ತಿರೋದು."

ಆ ಅಪರಾಧಿಯ ಹೆಸರು ಜವರಪ್ಪ.