ಗುರುಬಾಯಿ ಮಣ್ಣು ಹೊತ್ತ ಮಾಳಿಗೆ

ಹೊನ್ನರ್ಗಿಯ ಗುರುಬಾಯಿ ಸಿಟ್ಟಿನ ಹೆಂಗಸು ಎಂದು ಊರೆಲ್ಲ ಹೇಳುತ್ತಿತ್ತು. ಊರಿಗೇನು, ಹೇಳುತ್ತದೆ. ನೆತ್ತಿಯ ಮೇಲೆ ಹತ್ತಡಿ ಗೋಡೆ ಹೊಟ್ಟೆ ಬಿಟ್ಟುಕೊಂಡು ನಿಂತಿರುವಾಗ ಅದರ ಕೆಳಗೆ ನಾಲ್ಕು ವರ್ಷ ಸಂಸಾರ ಮಾಡಿ ನೋಡಬೇಕಿತ್ತು, ಆಮೇಲೆ ಹೇಳಬೇಕಿತ್ತು.

ಹೊನ್ನರ್ಗಿ ಗಡಿಯಾಚೆ, ಮರಾಠಿ ಕಚೇರಿಗಳ ಅಕ್ಕಲಕೋಟ ತಾಲೂಕಿನಲ್ಲಿ, ಮೈಂದರ್ಗಿಯ ಆಚೆ ಇರುವ ಊರು. ಹಳ್ಳಿ ಅಂದರೆ ಜನ ಮುನಿಸಿಕೊಳ್ಳುತ್ತಾರೆ, ಯಾಕೆಂದರೆ ಅದಕ್ಕೊಂದು ಮುನ್ಸಿಪಾಲ್ಟಿ ಇದೆ. ಗುರುಬಾಯಿಯ ಮನೆಗೆ ಇದ್ದದ್ದು ಒಂದು ಪಡಸಾಲೆ, ಒಂದು ಒಳಕೋಣೆ. ಪಡಸಾಲೆಯ ಅರ್ಧ ಎತ್ತುಗಳದ್ದು, ಉಳಿದರ್ಧ ಜೋಳದ ಚೀಲಗಳದ್ದು. ಮನುಷ್ಯರು ಕಾಲು ಚಾಚುವುದು ಒಳಕೋಣೆಯಲ್ಲೇ. ಆ ಕೋಣೆಗೆ ಅಂಟಿಕೊಂಡೇ ಶ್ರೀನಿವಾಸರಾಯರ ವಾಡೆ. ರಾಯರು ಎಪ್ಪತ್ತನೇ ಇಸವಿಯಲ್ಲಿ ಬಾಗಿಲಿಗೆ ಬೀಗ ಜಡಿದು ಸೊಲ್ಲಾಪುರಕ್ಕೆ ಹೋದವರು ತಿರುಗಿ ನೋಡಲಿಲ್ಲ. ವಾಡೆಯ ಅಟ್ಟದ ಕೋಣೆ ಒಂದೊಂದೇ ಕಡೆ ಉದುರಿ, ಕೊನೆಗೆ ಮಾಳಿಗೆಯ ಮೇಲೆ ಒಂದೇ ಒಂದು ಗೋಡೆ ಉಳಿಯಿತು. ಉಳಿದದ್ದಾದರೂ ಎಲ್ಲಿ? ಗುರುಬಾಯಿಯ ಒಳಕೋಣೆಯ ನೆತ್ತಿಗೆ ಸರಿಯಾಗಿ, ಅವಳ ಕಡೆಗೇ ಬಾಗಿಕೊಂಡು.

ಗುರುಬಾಯಿ ಮೊದಲು ಮಾಡಬೇಕಾದದ್ದನ್ನೇ ಮಾಡಿದಳು. ಗಂಡ ಸಾತಲಿಂಗಪ್ಪ ಮರಾಠಿ ಸಾಲಿ ಓದಿದವನು, ಜಗಳವೆಂದರೆ ಓಣಿ ಬಿಟ್ಟು ಓಣಿಯಲ್ಲಿ ಹೋಗುವವನು. ಅವನನ್ನು ಕೂರಿಸಿ ಮುನ್ಸಿಪಾಲ್ಟಿಗೆ ಅರ್ಜಿ ಬರೆಸಿದಳು. ವರ್ಷಕ್ಕೆರಡು ಅರ್ಜಿ. ಓವರ್‌ಸಿಯರ್ ಪಂಢರಿನಾಥ ಪ್ರತಿಸಲವೂ ಓದಿ, ಮಡಚಿ, ಮೇಜಿನ ಮೇಲಿನ ಕಲ್ಲಿನ ಕೆಳಗಿಟ್ಟು ಒಂದೇ ಮಾತು ಹೇಳುತ್ತಿದ್ದ.

"ಬಘೂಯಾ ಬಾಯಿ, ನೋಡೋಣಂತ. ಮಾಲಕರಿಗೆ ನೋಟೀಸು ಕಳಸಬೇಕು, ಅವರ ಪತ್ತಾ ಬೇಕು."

"ಪತ್ತಾ ನಾ ತರತೀನ್ರಿ," ಎಂದು ಗುರುಬಾಯಿ ಎಸ್ಟಿ ಬಸ್ಸು ಹತ್ತಿ ಸೊಲ್ಲಾಪುರಕ್ಕೇ ಹೋದಳು. ವಿಜಾಪುರ ರಸ್ತೆಯಲ್ಲಿ ರಾಯರದು ಹೊಸ ಸಿಮೆಂಟಿನ ಮನೆ. ಅಲ್ಲಿಯ ಗೋಡೆಗಳು ನೆಟ್ಟಗೆ ನಿಂತಿದ್ದವು. ರಾಯರು ಚಹಾ ಕೊಟ್ಟರು, ಊರಿನ ಕ್ಷೇಮ ಕೇಳಿದರು. ಗೋಡೆಯ ಮಾತು ಬಂದ ಕೂಡಲೇ ಅಣ್ಣತಮ್ಮಂದಿರ ವಾಟಣಿ ಆಗಿಲ್ಲ, ಯಾವ ಗೋಡೆ ಯಾರ ಪಾಲಿಗೆ ಅಂತ ತಮಗೇ ಗೊತ್ತಿಲ್ಲ ಎಂದರು.

"ಪಾಲಿಗೆ ಬರಲಿ ಬಿಡಲಿ, ಅದು ನಮ್ಮ ತಲಿಮ್ಯಾಲ ಬರಾಕತ್ತೈತ್ರಿ!" ಎಂದಳು ಗುರುಬಾಯಿ. "ಮಳಿ ನೀರು ನಿಮ್ಮ ಮಾಳಿಗ್ಯಾಗ ಇಳದು ಗ್ವಾಡಿ ಬುಡ ಮೆತ್ತಗ ಆಗೈತಿ. ವರ್ಷಾ ವರ್ಷಾ ನಾನ ಮಣ್ಣು ಹಾಕಿ ಹಿಡಕೊಂಡು ಕುಂತೀನಿ."

"ಛಲೋ ಮಾಡೀರಿ ಬಾಯಿ. ಶೇಜಾರಿ ಅಂದ್ರ, ನೆರಿಯವರು ಅಂದ್ರ ಹಿಂಗಿರಬೇಕು," ಎಂದು ರಾಯರು ಮೆಚ್ಚಿಕೊಂಡರು.

ಮಾತು ಸುಳ್ಳಲ್ಲ. ಮೃಗಶಿರಾ ಮಳೆಗೆ ಮುಂಚೆ ಮಾಳಿಗೆಗೆ ಸವಳು ಮಣ್ಣು ಹಾಕಿ ತುಳಿಯದಿದ್ದರೆ ಆ ಸೀಮೆಯಲ್ಲಿ ಯಾವ ಮನೆಯೂ ಸೋರದೆ ಉಳಿಯುವುದಿಲ್ಲ. ಗುರುಬಾಯಿ ತನ್ನ ಮಾಳಿಗೆಗೆ ಹಾಕಿದ ಮೇಲೆ ಏಣಿ ಸರಿಸಿ ವಾಡೆಯ ಮಾಳಿಗೆಗೂ ಹಾಕುತ್ತಿದ್ದಳು. ಹಳ್ಳದ ದಂಡೆಯಿಂದ ಬುಟ್ಟಿ ಬುಟ್ಟಿ ಹೊತ್ತು, ಹುಲ್ಲು ಕಿತ್ತು, ಗೋಡೆಯ ಬಿರುಕಿಗೆ ಸೆಗಣಿ ಕಲಸಿದ ಮಣ್ಣು ಮೆತ್ತಿ ಕೈಯಿಂದ ಸವರುತ್ತಿದ್ದಳು. ಅರ್ಜಿಗೆ ಕಾಯುವ ತಾಳ್ಮೆ ಮುನ್ಸಿಪಾಲ್ಟಿಗಿದ್ದೀತು, ಮಳೆಗಿಲ್ಲ. ನೆರೆಮನೆಯ ಹೆಣವನ್ನು ಹೊತ್ತು ತಿರುಗಿದಂತೆ ನಾಲ್ಕು ಬೇಸಿಗೆ ಅದನ್ನು ಹೊತ್ತಳು.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಮಗಳು ನೀಲಾಬಾಯಿ ಚೊಚ್ಚಲ ಬಾಣಂತನಕ್ಕೆ ಕರಜಗಿಯಿಂದ ತವರಿಗೆ ಬಂದಳು. ಎಂಟು ತುಂಬಿತ್ತು. ಆ ಒಳಕೋಣೆಯಲ್ಲಿ ಹೊರಸು ಹಾಕಿ ಮಗಳನ್ನು ಮಲಗಿಸಿದ ಗುರುಬಾಯಿ ತಲೆ ಎತ್ತಿ ಜಂತಿ ನೋಡಿದಳು. ಹೆರಿಗೆ ಆಗುವುದು ಮಳೆಗಾಲದಲ್ಲಿ. ಬಾಣಂತಿ, ಕೂಸು, ಮೇಲೆ ಆ ಗೋಡೆ. ಅವಳಿಗೆ ಅನ್ನ ಸೇರಲಿಲ್ಲ.

ಮರುದಿನ ಮುನ್ಸಿಪಾಲ್ಟಿ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕುಳಿತಿದ್ದಳು. ಪಂಢರಿನಾಥ ಬಂದ ಕೂಡಲೇ ಎದ್ದಳು.

"ಇವತ್ತು ನೀವು ನಮ್ಮನಿಗೆ ಬರ್ರಿ. ಬರದಿದ್ರ ನಾ ಇಲ್ಲೇ ಒಲಿ ಹೂಡತೀನಿ, ಬಸರಿ ಮಗಳನ್ನೂ ಇಲ್ಲೇ ತಂದು ಮಲಗಸತೀನಿ. ನಿಮ್ಮ ಕಚೇರಿ ಗ್ವಾಡಿ ಗಟ್ಟಿ ಅದಾವು."

ಅವಳು ಹೇಳಿದ್ದನ್ನು ಮಾಡುವವಳೆಂದು ಪಂಢರಿನಾಥನಿಗೆ ಗೊತ್ತಿತ್ತು. ಬಂದ. ಧೋತರ ಎತ್ತಿಕಟ್ಟಿ ಏಣಿ ಏರಿದ. ಮಾಳಿಗೆಯ ಮೇಲೆ ಆಚೆಗೊಮ್ಮೆ ಈಚೆಗೊಮ್ಮೆ ನಡೆದ, ಗೋಡೆಯನ್ನು ಬೆರಳಿನಿಂದ ಬಡಿದು ನೋಡಿದ, ಇಳಿದು ಕೈ ತೊಳೆದುಕೊಂಡು ಹೋದ. ಗುರುಬಾಯಿ ಆ ಸಂಜೆ ಮಗಳಿಗೆ ಕಡಬು ಮಾಡಿ ಹಾಕಿದಳು. ಇನ್ನೇನು, ಸಾಹೇಬ ಕಣ್ಣಾರೆ ನೋಡಿದ್ದಾನೆ.

ಎಂಟು ದಿನಕ್ಕೆ ಉತ್ತರ ಬಂತು. ಸಾತಲಿಂಗಪ್ಪ ಓದಿದ. ಓದಿ ಕಾಗದವನ್ನು ಮಡಚಿ ತೊಡೆಯ ಕೆಳಗಿಟ್ಟುಕೊಂಡ.

"ಏನಂತ? ಬಾಯಾಗ ಏನ ಇಟಗೊಂಡೀರಿ, ಹೇಳ್ರಿ!"

ಸಾತಲಿಂಗಪ್ಪ ಹೇಳಿದ. ಮಾಳಿಗೆಗೆ ಈ ವರ್ಷದ ಹೊಸ ಮಣ್ಣು ಬಿದ್ದಿದೆ, ಗೋಡೆಗೆ ಹೊಸದಾಗಿ ಗಿಲಾವು ಮೆತ್ತಿದೆ, ಇಮಾರತು ಸುಸ್ಥಿತಿಯಲ್ಲಿದೆ. ಪ್ರತಿವರ್ಷ ತಪ್ಪದೆ ದುರುಸ್ತಿ ಮಾಡಿಸುತ್ತಿರುವುದಾಗಿ ಮಾಲಕ ಶ್ರೀನಿವಾಸರಾಯರೂ ಪತ್ರ ಬರೆದು ತಿಳಿಸಿದ್ದಾರೆ. ಆದ್ದರಿಂದ ಅರ್ಜಿ ನಿಕಾಲಿ, ಇಲ್ಲಿಗೆ ಮುಗಿಯಿತು.

ಗುರುಬಾಯಿ ಮೊದಲು ನಂಬಲಿಲ್ಲ. ಇನ್ನೊಮ್ಮೆ ಓದಿಸಿದಳು. ಅವಳು ಹೊತ್ತ ಬುಟ್ಟಿ, ಅವಳು ಮೆತ್ತಿದ ಸೆಗಣಿ! ಅವಳ ಐದು ಬೆರಳು ಆ ಗೋಡೆಯ ಮೇಲೆ ಇನ್ನೂ ಮೂಡಿದ್ದವು. ಅದನ್ನೇ ನೋಡಿ ಆ ಪುಣ್ಯಾತ್ಮ ಪಂಢರಿನಾಥ, ರಾಯರ ದುರುಸ್ತಿ ಎಂದು ಬರೆದಿದ್ದ. ಹಾಗೇ ಬಿಟ್ಟಿದ್ದರೆ ಗೋಡೆ ಕೆಟ್ಟದಾಗಿ ಕಾಣುತ್ತಿತ್ತು, ನೋಟೀಸು ಹೊರಡುತ್ತಿತ್ತು. ಜೀವ ಉಳಿಯಲೆಂದು ಮಾಡಿದ ಕೆಲಸವೇ ಅವಳ ಕೊರಳಿಗೆ ಬಂದಿತ್ತು. ಮಣ್ಣು ಹಾಕಿದ ಆ ಸುದ್ದಿಯನ್ನೂ ಅವಳೇ ಹೋಗಿ, ಚಹಾ ಕುಡಿದು, ರಾಯರ ಕೈಗೆ ಕೊಟ್ಟು ಬಂದಿದ್ದಳು.

"ಆ ರಾಯನ ಬಾಯಾಗ ಮಣ್ಣ ಬೀಳಲಿ! ನನ್ನ ಬೆವರಿಗೆ ಅವ ಸಹಿ ಮಾಡ್ಯಾನ!" ಎಂದು ಕೂಗಿದಳು. ಎತ್ತುಗಳು ಬೆದರಿ ಎದ್ದು ನಿಂತವು.

"ಇನ್ನೊಂದು ಅರ್ಜಿ ಬರೀಲೇನ?" ಎಂದ ಸಾತಲಿಂಗಪ್ಪ.

"ಕುಂಬಾರಗ ವರ್ಷ, ದೊಣ್ಣಿಗೆ ನಿಮಿಷ. ಬರಿಯೂದು ಸಾಕು, ಹಾರಿ ಎಲ್ಲೈತಿ?"

ಹಾರೆ ಹಿತ್ತಲಲ್ಲಿತ್ತು. ಬಿಸಿಲು ಏರುವ ಹೊತ್ತಿಗೆ ಗುರುಬಾಯಿ ಸೀರೆ ಕಚ್ಚೆ ಬಿಗಿದು ವಾಡೆಯ ಮಾಳಿಗೆ ಏರಿದಳು. ಮಗಳನ್ನು ಎದುರುಮನೆ ಚಂದ್ರಭಾಗಾಳ ಪಡಸಾಲೆಯಲ್ಲಿ ಕೂರಿಸಿ ಬಂದಿದ್ದಳು. ಗೋಡೆಯ ತುದಿಯಿಂದ ಒಂದೊಂದೇ ಕಲ್ಲು ಮೀಟಿ ರಾಯರ ಅಂಗಳಕ್ಕೇ ಉರುಳಿಸತೊಡಗಿದಳು. ಮೊದಲ ಕಲ್ಲು ಕಿತ್ತಾಗಲೇ ಒಳಗಿನ ಮಣ್ಣು ಹಿಟ್ಟಿನಂತೆ ಸುರಿಯಿತು. ಓಣಿ ಸೇರಿತು. ಬೇಡ ಅನ್ನುವವರು ಬೇಡ ಎಂದರು, ನಗುವವರು ನಕ್ಕರು. ಸಾತಲಿಂಗಪ್ಪ ಕೆಳಗೆ ನಿಂತು ಅತ್ತಿತ್ತ ನೋಡಿದ, ರುಮಾಲು ಬಿಚ್ಚಿ ಸೊಂಟಕ್ಕೆ ಬಿಗಿದ, ಏಣಿ ಏರಿ ಹೆಂಡತಿಯ ಕೈಯಿಂದ ಹಾರೆ ಇಸಿದುಕೊಂಡ.

"ಸರಿ ಆಚಿಗೆ. ಹಿಂಗ ಮೀಟಿದ್ರ ಕಾಲಿನ ಮ್ಯಾಲ ಹಾಕ್ಕೋತಿ," ಎಂದ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವಳು ಅವನ ಮಾತಿಗೆ ಎದುರಾಡದೆ ಸರಿದದ್ದು ಅವತ್ತೇ.

ಮಧ್ಯಾಹ್ನದೊಳಗೆ ಗೋಡೆ ಮೊಳಕಾಲುದ್ದ ಉಳಿಯಿತು. ಮಧ್ಯಾಹ್ನ ಆಗುತ್ತಲೇ ಪಂಢರಿನಾಥ ಬಂದ, ಹಿಂದೆ ಸಿಪಾಯಿ. ಕೈಯಲ್ಲಿ ಹಾಳೆ, ಹಾಳೆಯ ಮೇಲೆ ಮೊಹರು, ಮೊಹರಿನ ಶಾಯಿ ಇನ್ನೂ ಹಸಿ.

"ಗುರುಬಾಯಿ, ಪರರ ಇಮಾರತಿಗೆ ಕೈ ಹಚ್ಚೀರಿ. ನೋಟೀಸು ಅದ. ಹದಿನೈದು ದಿನದಾಗ ಪೈಲಾ ಹೆಂಗಿತ್ತೋ ಹಂಗ ಕಟ್ಟಿಕೊಡಬೇಕು."

ಗುರುಬಾಯಿ ಏಣಿ ಇಳಿದು ಬಂದಳು. ಮುಖ, ತಲೆ, ರೆಪ್ಪೆ, ಎಲ್ಲ ಮಣ್ಣು.

"ನಾಕು ವರ್ಷ ಹಾದಿ ನೋಡೀನ್ರಿ ಈ ಕಾಗದಕ್ಕ. ಕಡೀಕೂ ಬಂತು. ಹೆಸರು ಮಾತ್ರ ನಂದು ಹಾಕೀರಿ!"

"ಕಾಯದಾ ಅಂದ್ರ ಕಾಯದಾ, ಬಾಯಿ."

"ಪೈಲಾ ಹೆಂಗಿತ್ತೋ ಹಂಗ ಅಂದ್ರ ಹೆಂಗ್ರಿ ಸಾಹೇಬ್ರ? ಹೊಟ್ಟಿ ಬಿಟಗೊಂಡಂಗ ಕಟ್ಟಲೇನು? ಬುಡ ಮೆತ್ತಗ ಇಡಲೇನು? ನಮ್ಮ ಕಡೀಗೇ ಬಾಗಿಸಿ ಕಟ್ಟಲೇನು?"

ಓಣಿಯ ಜನ ಗೊಳ್ಳೆಂದು ನಕ್ಕರು. ಗುರುಬಾಯಿ ನಗಲಿಲ್ಲ. ಎರಡು ಹೆಜ್ಜೆ ಮುಂದೆ ಬಂದಳು, ಪಂಢರಿನಾಥ ಒಂದು ಹೆಜ್ಜೆ ಹಿಂದೆ ಸರಿದ.

"ಕಟ್ಟತೀನಿ. ನಾಳೆನ ಶುರು ಮಾಡತೀನಿ, ಇಡೀ ಓಣಿ ಸಾಕ್ಷಿ ಐತಿ. ಒಂದ ಮಾತು ಕೊಡ್ರಿ. ಅದು ಸುಸ್ಥಿತ್ಯಾಗ ಇತ್ತಂತ ನೀವ ಬರದೀರಿ. ಗ್ವಾಡಿ ಎದ್ದ ಮ್ಯಾಲ, ಮಳಿ ಹತ್ತಿದ ದಿನ, ನಿಮ್ಮ ಹೆಣ್ಣಮಕ್ಕಳನ್ನ ಕರಕೊಂಡು ಬಂದು ಈ ಕ್ವಾಣ್ಯಾಗ ಒಂದ ರಾತ್ರಿ ಮಲಗಸ್ರಿ. ಹೂಂ ಅನ್ರಿ."

ಪಂಢರಿನಾಥ ಸಿಪಾಯಿಯ ಮುಖ ನೋಡಿದ, ಸಿಪಾಯಿ ನೆಲ ನೋಡಿದ.

"ಹೂಂ ಅನ್ರಿ ಸಾಹೇಬ್ರ," ಎಂದಳು ಗುರುಬಾಯಿ.

ಪಂಢರಿನಾಥ ನೋಟೀಸನ್ನು ಅವಳ ಕೈಗೆ ಕೊಡಲಿಲ್ಲ. ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು, ಬಂದ ದಾರಿಯಲ್ಲಿ ಹೊರಟ.