ಮುಚ್ಚಿಹೋದ ಬಂಡಿದಾರಿಗೆ ನಾನು ವಕೀಲರನ್ನು ಹುಡುಕಿದ್ದು

ಮಾತಾಡುತ್ತಿದ್ದವಳು ನಾನು. ವಕೀಲರು ನೋಡುತ್ತಿದ್ದದ್ದು ನನ್ನ ಯಜಮಾನರ ಮುಖ.

ಮಧುಗಿರಿಯಲ್ಲಿ, ಕೋರ್ಟಿನ ಹತ್ತಿರದ ಒಂದು ಆಫೀಸು. ನಾನು ಎರಡು ಮಾತು ಹೇಳುವಷ್ಟರಲ್ಲಿ ಅವರಿಗೆ ಮೂರು ಫೋನ್ ಬಂತು. ಕೊನೆಗೆ ವಕಾಲತ್ತಿನ ಹಾಳೆಯನ್ನು ನನ್ನ ಕಡೆ ತಳ್ಳಿ, "ಇಲ್ಲಿ ಸೈನ್ ಹಾಕಮ್ಮ. ಮಿಕ್ಕಿದ್ದು ನಿಮ್ಮೆಜಮಾನ್ರ ಹತ್ರ ಮಾತಾಡ್ತೀನಿ" ಅಂದರು.

ಜಮೀನು ನನ್ನ ಹೆಸರಲ್ಲಿದೆ. ನಮ್ಮ ಮಾವ ಬದುಕಿದ್ದಾಗಲೇ ದಾನಪತ್ರ ಮಾಡಿಕೊಟ್ಟಿದ್ದು. ಯಜಮಾನರು ಶಿರಾ ರೂಟಿನ ಬಸ್ಸು ಓಡಿಸುತ್ತಾರೆ, ಕನಕಾಂಬರದ ತೋಟ ಪೂರ್ತಿ ನನ್ನದೇ ಕೆಲಸ.

ಪೆನ್ನು ಕೆಳಗಿಟ್ಟು ಎದ್ದೆ. "ಇನ್ನೊಂದ್ ದಿನ ಬರ್ತೀನಿ ಸಾರ್."

ಮೆಟ್ಟಿಲ ಮೇಲೆ ಯಜಮಾನರು, "ಅದ್ಯಾಕೆ ಹಂಗೆ ಎದ್ ಬಂದ್ಬುಟ್ಟೆ?" ಎಂದರು.

"ನನ್ ಮುಖಾನೇ ನೋಡ್ದೋರು ನನ್ ಕೇಸ್ ಇನ್ನೆಂಗ್ ನೋಡ್ತಾರೆ ಕಣ್ರೀ?"

ಇಬ್ಬರೂ ಬಸ್ಸು ಹತ್ತಿ ಊರಿಗೆ ಬಂದೆವು.

ನಮ್ಮೂರು ಕೊಡಿಗೇನಹಳ್ಳಿ ಕಡೆ. ನಮ್ಮ ಪಕ್ಕದ ಜಮೀನನ್ನು ಹೋದ ವರ್ಷ ಹೊರಗಿನವರೊಬ್ಬರು ಕೊಂಡರು. ಬಂದವರೇ, ಅದನ್ನು ಹಾದು ನಮ್ಮ ಹೊಲಕ್ಕೆ ಬರುವ ಬಂಡಿದಾರಿಗೆ ಅಡ್ಡಲಾಗಿ ಕಲ್ಲುಕಂಬ ನೆಟ್ಟು ತಂತಿ ಎಳೆದರು. ಅಂದಿನಿಂದ ಹೂವಿನ ಮೂಟೆ ತಲೆ ಮೇಲೆ ಹೊತ್ತು, ಬದುವಿನ ಮೇಲೆ ಸುತ್ತಿಕೊಂಡು ರೋಡಿಗೆ ಬರಬೇಕು. ಟ್ರ್ಯಾಕ್ಟರ್ ಬರಲಾಗದೆ ಅರ್ಧ ಹೊಲ ಉಳದೇ ಉಳಿಯಿತು.

ನಮ್ಮ ಹೆಂಗಸರ ಸಂಘದ ಗೆಳತಿಯೊಬ್ಬಳು ಇನ್ನೊಬ್ಬ ವಕೀಲರ ನಂಬರ್ ಕೊಟ್ಟಳು. ಅವರು ಹೆಂಗಸು. ಈ ಸಲ ನಾನೇ ಮೊದಲು ಫೋನ್ ಮಾಡಿ ಕೇಳಿದೆ. ದಾರಿ ತಕರಾರಿನ ಕೇಸು ನಡೆಸಿದ್ದೀರಾ ಮೇಡಂ? ಕೋರ್ಟಲ್ಲಿ ನೀವೇ ನಿಲ್ಲುತ್ತೀರಾ, ಜೂನಿಯರ್‌ನ ಕಳಿಸ್ತೀರಾ?

ಅವರಿಗೆ ಬೇಜಾರಾಗಲಿಲ್ಲ. ಎರಡಕ್ಕೂ ಉತ್ತರ ಕೊಟ್ಟು, "ಬರುವಾಗ ಎಲ್ಲಾ ಕಾಗದ ತನ್ನಿ. ನಿಮಗೆ ವಿರುದ್ಧವಾಗಿ ಇರೋದನ್ನೂ ತನ್ನಿ" ಅಂದರು.

ಒಂದು ವಾರ ಅದೇ ಕೆಲಸ. ನಾಡಕಚೇರಿಯಿಂದ ಪಹಣಿ, ಟ್ರಂಕಿನಿಂದ ದಾನಪತ್ರ, ಬೇಲಿಯ ಫೋಟೋಗಳು. ಗ್ರಾಮ ನಕ್ಷೆಯ ನಕಲಿಗೆ ಮಾತ್ರ ಸರ್ವೆ ಆಫೀಸಿಗೆ ಮೂರು ಸಲ ಅಲೆದೆ.

ಸಿಕ್ಕಿದ ದಿನ ಅಲ್ಲೇ ಬೆಂಚಿನ ಮೇಲೆ ಹರಡಿಕೊಂಡು ಕೂತೆ. ರೋಡಿನಿಂದ ಹಳ್ಳದ ದಂಡೆ ಹಿಡಿದು ನಮ್ಮ ಸರ್ವೆ ನಂಬರಿನ ತನಕ ಸಣ್ಣ ಚುಕ್ಕೆಗಳ ಜೋಡಿ ಗೆರೆ. ಬಂಡಿದಾರಿಗೆ ಹಾಗೇ ಗುರುತು ಹಾಕೋದಂತೆ. ಬೆರಳಿಟ್ಟು ಎರಡೆರಡು ಸಲ ನೋಡಿದೆ... ಅಳು ಬಂತು.

ಅತ್ತೆಯನ್ನು ಕೂರಿಸಿಕೊಂಡು ಹಳೇದೆಲ್ಲ ಕೇಳಿದೆ. ಅವರಿಗೆ ಇಸವಿ ಗೊತ್ತಿಲ್ಲ. "ನಿನ್ ಗಂಡ ನನ್ ಹೊಟ್ಟೇಲಿದ್ದಾಗ ಇದೇ ದಾರೀಲಿ ಗಾಡಿ ತುಂಬ ಕಡ್ಲೇಕಾಯ್ ತಂದಿದ್ದೀವಿ ಕಣಮ್ಮ. ಯಾರ್ ಕೇಳ್ತಿದ್ರು ಆವಾಗ?" ಅಂದರು. ಯಜಮಾನರ ವಯಸ್ಸು ಲೆಕ್ಕ ಹಾಕಿ ಇಸವಿ ಬರೆದುಕೊಂಡೆ.

ಮಗಳ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ, ಯಾವಾಗ ಏನಾಯ್ತು ಅಂತ ಒಂದರ ಕೆಳಗೊಂದು ಬರೆದೆ.

ಒಂದನ್ನು ಬಿಟ್ಟು.

ಬೇಲಿ ಬಿದ್ದ ಮೂರನೇ ದಿನ ನಾನು ಹಾರೆ ತಗೊಂಡು ಹೋಗಿ ಎರಡು ಕಂಬ ಉರುಳಿಸಿದ್ದೆ. ಬೇಲಿ ಹಾಕಿದವರು ಫೋಟೋ ತೆಗೆದು ಕಂಪ್ಲೇಂಟ್ ಕೊಟ್ಟರು. ಸ್ಟೇಷನ್ನಿನಲ್ಲಿ, ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಎಂದು ಬರೆದುಕೊಟ್ಟು ಬಂದಿದ್ದೆ. ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ.

"ಅದನ್ಯಾಕ್ ಹೇಳ್ಬೇಕು, ಬುಡು" ಎಂದರು ಯಜಮಾನರು.

ಹೂವು ಕಟ್ಟುತ್ತಿದ್ದ ಅತ್ತೆ ತಲೆ ಎತ್ತಲೂ ಇಲ್ಲ. "ಇವ್ಳು ಹೇಳ್ದಿದ್ರೆ ಆ ಬೇಲಿಯವ್ನು ಹೇಳ್ತಾನೆ. ನೀನೇ ಹೇಳ್ಬುಡಮ್ಮ."

ಕೊನೆಯ ಸಾಲಾಗಿ ಅದನ್ನೂ ಬರೆದೆ.

ಈ ವಕೀಲರ ಆಫೀಸು ಜೆರಾಕ್ಸ್ ಅಂಗಡಿಯ ಮೇಲಿನ ಸಣ್ಣ ರೂಮು. ನಾನು, ಯಜಮಾನರು ಕೂತ ಮೇಲೆ ಅವರು ಫೋನನ್ನು ಬೋರಲು ಹಾಕಿ, ನನ್ನ ಕಡೆ ತಿರುಗಿ, "ಹೇಳಿ" ಅಂದರು.

ಹಾಳೆ ಬಿಡಿಸಿದೆ. ಮೊದಲ ಸಾಲಿನಿಂದ ಓದುತ್ತಾ ಹೋದೆ. ಕಂಬ ಉರುಳಿಸಿದ ಸಾಲನ್ನೂ ಬಿಡದೆ ಓದಿದೆ.

"ಕೋಪ ತಡೆಯಕ್ಕಾಗ್ಲಿಲ್ಲ ಮೇಡಂ. ತಪ್ಪಾಯ್ತು."

ಅವರು ಬರೆದುಕೊಂಡರು. "ಇದನ್ನ ಕೋರ್ಟಲ್ಲಿ ಎದುರು ವಕೀಲರ ಬಾಯಿಂದ ಕೇಳಿದ್ದಿದ್ರೆ ನನಗೆ ಕಷ್ಟ ಆಗ್ತಿತ್ತು. ಈಗಲೇ ಹೇಳಿದ್ದು ಒಳ್ಳೇದಾಯ್ತು. ಇನ್ಮೇಲೆ ಆ ಬೇಲಿ ಮುಟ್ಟಬೇಡಿ, ಅಷ್ಟೇ."

ಆಮೇಲೆ ನಕ್ಷೆ ಬಿಡಿಸಿ ಬಹಳ ಹೊತ್ತು ನೋಡಿದರು. "ಗೆಲ್ತೀವಿ ಅಂತ ಮಾತು ಕೊಡಲ್ಲ. ಆದ್ರೆ ಇದು ಗಟ್ಟಿ ಕಾಗದ. ಮೊದಲು ನೋಟಿಸ್ ಕೊಡೋಣ, ಜೊತೆಗೆ ತಹಶೀಲ್ದಾರ್ರಿಗೆ ಅರ್ಜಿ ಹಾಕೋಣ. ಆಗಲಿಲ್ಲ ಅಂದ್ರೆ ಕೋರ್ಟು."

ನನ್ನ ಹಾಳೆ ಎತ್ತಿಕೊಂಡು, "ಇದನ್ನ ಯಾರು ಬರೆದಿದ್ದು?" ಎಂದರು.

ನಾನು ಬಾಯಿ ಬಿಡುವ ಮೊದಲೇ ಯಜಮಾನರು, "ಇವ್ಳೇ ಮೇಡಂ. ಎಲ್ಲಾ ಇವ್ಳೇ ಮಾಡಿದ್ದು" ಅಂದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರ ದನಿಯಲ್ಲಿ ಅಂಥ ಹೆಮ್ಮೆ ನಾನು ಕೇಳಿರಲಿಲ್ಲ.

ವಕಾಲತ್ತಿನಲ್ಲಿ ಏನಿದೆ ಎಂದು ಮೇಡಂ ಒಂದೊಂದಾಗಿ ಓದಿ ಹೇಳಿದರು. ಅರ್ಥವಾದ ಮೇಲೆ ಪೂರ್ತಿ ಹೆಸರು ಬರೆದು ಸೈನ್ ಹಾಕಿದೆ.

ನೋಟಿಸಿಗೆ ಬೇಲಿ ಹಾಕಿದವರು ಜಗ್ಗಲಿಲ್ಲ. ಅರ್ಜಿ ಮೇಲೆ ಸರ್ವೆಯರ್ ಬಂದು, ಊರಿನ ನಾಲ್ಕು ಜನರ ಮುಂದೆ ಅಳೆದರು. ಬೇಲಿ ಸರಿಯಾಗಿ ದಾರಿಯ ಮೇಲೇ ಇತ್ತು. ತೆರವು ಮಾಡಬೇಕೆಂದು ಆದೇಶವಾಯಿತು. ಹಾಕಿದವರೇ ಆಳು ಕರೆಸಿ ಕಿತ್ತರು. ನಾನು ದೂರದಲ್ಲಿ ಕೈಕಟ್ಟಿ ನಿಂತು ನೋಡಿದೆ.

ಮೊನ್ನೆ ಸಂಘದ ಮೀಟಿಂಗಿಗೆ ಇಬ್ಬರು ತಮ್ಮ ಕಾಗದಪತ್ರದ ಕವರ್ ಹಿಡಿದುಕೊಂಡು ಬಂದಿದ್ದರು. "ನಮ್ಗೂ ಅಂಗೇ ಒಂದ್ ಹಾಳೆ ಬರ್ಕೊಡಕ್ಕಾ" ಅಂತ.

"ನೀವೇ ಬರೀರಿ, ನಾನು ಪಕ್ಕದಲ್ಲೇ ಕೂತಿರ್ತೀನಿ" ಎಂದೆ.

ನಿಮ್ಮ ವಿಷಯವನ್ನು ವಕೀಲರ ಮುಂದೆ ನೀವೇ ಬಾಯಿಬಿಟ್ಟು ಹೇಳಿದ್ದು ನೆನಪಿದೆಯಾ? ಆಗ ನಿಮಗೆ ಹೆಂಗನ್ನಿಸಿತ್ತು?