ಒರ್ತೆನ್ಸಿಯಾರ ಹೆಂಚು, ಅಬೆಲಿನೊರ ಸೀನು

ಗುರುವಾರ ಬೆಳಿಗ್ಗೆ ಎಂಟಕ್ಕೆ ದೋನ್ ಅಬೆಲಿನೊ ಸೀನಿದರು. ಒರ್ತೆನ್ಸಿಯಾ ಷಿಕಾಯ್ ತಕ್ಷಣ ಮಣ್ಣಿನ ಹೆಂಚಿನ ಮೇಲಿದ್ದ ಒಣಮೆಣಸಿನಕಾಯಿಗಳನ್ನು ಬಟ್ಟೆಯಿಂದ ಬಾಚಿ ತಟ್ಟೆಗೆ ಹಾಕಿದರು.

"ಇನ್ನೊಂದ್ಸಲ ಸೀನ್ಲಾ?"

"ಬೇಡ. ನೀವು ಎರಡನೇ ಸಲ ಸೀನೋ ಹೊತ್ತಿಗೆ ಅದು ಇದ್ದಿಲಾಗಿರುತ್ತೆ."

ಅಬೆಲಿನೊ ನಿವೃತ್ತ ಬಸ್ ಚಾಲಕ. ಎಂಟು ತಿಂಗಳಿಂದ ಗುರುವಾರ ತಪ್ಪದೆ ಒಲೆಯ ಪಕ್ಕದ ಮುಕ್ಕಾಲಿಯ ಮೇಲೆ ಬಂದು ಕೂರುತ್ತಾರೆ. ಅವರಿಗೆ ಸಿಗುವುದು ಮೊದಲ ಬಟ್ಟಲು ಪೆಪಿಯಾನ್.

ಆಂಟಿಗುವಾಕ್ಕೆ ಬಂದವರು ಏನು ತಿನ್ನಬೇಕೆಂದು ಕೇಳಿದರೆ ಊರಿನವರು ಮೊದಲು ಹೇಳುವ ಹೆಸರು ಅದು: ಕುಂಬಳ ಬೀಜ, ಎಳ್ಳು, ಟೊಮೆಟೊ, ಮೆಣಸಿನಕಾಯಿ ಎಲ್ಲವನ್ನೂ ಬೇರೆ ಬೇರೆಯಾಗಿ ಹುರಿದು, ಅರೆದು, ಕೋಳಿ ಮತ್ತು ಸೀಮೆಬದನೆ ಬೇಯಿಸುವ ಕಪ್ಪುಗೆಂಪಿನ ಸಾರು. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಒರ್ತೆನ್ಸಿಯಾ ಮೂವತ್ತನಾಲ್ಕು ವರ್ಷದಿಂದ ಪ್ರತಿ ಗುರುವಾರ ಅದನ್ನು ಮಾಡಿ ಮಾರುತ್ತಿದ್ದಾರೆ. ಹುರಿಯುವುದು ಅವರು, ಅರೆಯುವುದು ತಂಗಿ ಫಿದೆಲಿಯಾ. ತಾಯಿ ಹೆಂಚನ್ನು ಹಿರಿಯ ಮಗಳಿಗೆ ಕೊಟ್ಟಿದ್ದರು.

ಕಳೆದ ವರ್ಷದ ಜ್ವರ ಬಿಟ್ಟಾಗ ಒರ್ತೆನ್ಸಿಯಾರ ಮೂಗು ಸತ್ತಿತ್ತು. ಕುಂಬಳ ಬೀಜ ಸಿಡಿಯುವ ಸದ್ದು ಕೇಳಿ ಇಳಿಸಬಹುದು, ಎಳ್ಳನ್ನು ಬಣ್ಣ ನೋಡಿ ಇಳಿಸಬಹುದು. ಮೆಣಸಿನಕಾಯಿ ಹಾಗಲ್ಲ, ಅಲ್ಲಿನ ಜಾತಿ ಒಣಗಿದಾಗಲೇ ಕಪ್ಪು. ಅದರ ಹದವನ್ನು ಮೂಗೇ ಹೇಳಬೇಕು, ಅವರಿಗೆ ಘಾಟು ಕೂಡ ತಟ್ಟುತ್ತಿರಲಿಲ್ಲ. ಒಂದು ಗುರುವಾರ ಇಡೀ ಮಡಕೆ ಕಹಿಯಾಯಿತು. ಗಿರಾಕಿಗಳು ಮಾತಾಡದೆ ಉಂಡು ಎದ್ದರು. ಅಬೆಲಿನೊ ಮಾತ್ರ ಹಿಂದೆ ಉಳಿದು ವಿಚಾರಿಸಿದರು. ಸೀನಿನ ಉಪಾಯ ಅವರದೇ: ಘಾಟಿಗೆ ಅವರು ಸೀನಿದ ಕೂಡಲೇ ಮೆಣಸಿನಕಾಯಿ ಇಳಿಸುವುದು. ತಂಗಿಗೆ ಹೇಳಬಾರದೆಂಬುದು ಒರ್ತೆನ್ಸಿಯಾರ ಷರತ್ತು. ಹೇಳಿದರೆ ಹೆಂಚು ಕೈಬಿಡುತ್ತದೆಂದು ಅವರಿಗೆ ಗೊತ್ತಿತ್ತು.

ಈ ಗುರುವಾರ ಬಟ್ಟಲು ಖಾಲಿ ಮಾಡಿ ಅಬೆಲಿನೊ ಹೇಳಿದರು: "ಶನಿವಾರ ಎಸ್ಕ್ವಿಂತ್ಲಾಕ್ಕೆ ಹೊರಟೆ. ಮಂಡಿ ಆಪರೇಷನ್ನು. ಮೂರು ತಿಂಗ್ಳು ಮಗಳ ಮನೇಲೇ."

"ಇಲ್ಲೇ ಮಾಡಿಸ್ಕೊಳ್ಳಕ್ಕಾಗಲ್ವಾ?"

"ಮಂಡಿ ನಂದು, ದೋನ್ಯಾ ಒರ್ತೆನ್ಸಿಯಾ. ಮೂಗು ಮಾತ್ರ ನಿಮ್ದು."

ಮಧ್ಯಾಹ್ನ ಪಾತ್ರೆ ತೊಳೆಯುವಾಗ ಒರ್ತೆನ್ಸಿಯಾ ತಂಗಿಗೆ ತಮ್ಮ ಮೂಗಿನ ವಿಷಯ ಹೇಳಿದರು. ಫಿದೆಲಿಯಾ ತಲೆ ಎತ್ತಲಿಲ್ಲ.

"ಗೊತ್ತು. ಈಸ್ಟರ್‌ಗೆ ಮುಂಚೆ ಬೀನ್ಸ್ ಕಾಳು ತಳ ಹಿಡಿದು ಬೀದಿಯವ್ರೆಲ್ಲ ಓಡಿ ಬಂದ್ರು. ನೀನು ಅದರ ಪಕ್ಕದಲ್ಲೇ ಕೂತು ಜಡೆ ಹೆಣ್ಕೋತಿದ್ದೆ."

"ಮತ್ಯಾಕೆ ಸುಮ್ನಿದ್ದೆ?"

"ಹೇಳ್ಬೇಕಾದವಳು ನೀನು ಅಕ್ಕ. ನಾನಾ?"

ಒರ್ತೆನ್ಸಿಯಾ ಮಡಕೆ ತೊಳೆದು ಬೋರಲಿಟ್ಟರು. "ಹಾಗಾದ್ರೆ ಆ ಮುಕ್ಕಾಲಿ ಮೇಲೆ ನೀನೇ ಕೂತ್ಕೋ. ಹದ ಬಂದಾಗ ಹೇಳು, ಸಾಕು."

"ನಿನ್ನ ಮೂಗಾಗಿ ಕೂರಕ್ಕೆ ನಾನೇನು ದೋನ್ ಅಬೆಲಿನೊನಾ? ಹುರಿಯೋದಾದ್ರೆ ನಾನೇ ಹುರೀತೀನಿ. ಇಲ್ಲಾಂದ್ರೆ ಅಂಗಡಿ ಪುಡಿ ತಂದು ಕಲಸು."

ಹೆಂಚು ಒಲೆಯ ಮೇಲೆ ಇನ್ನೂ ಬೆಚ್ಚಗಿತ್ತು. ಒರ್ತೆನ್ಸಿಯಾ ಅದನ್ನು ಒರೆಸಿದರು. ಮೂವತ್ತನಾಲ್ಕು ವರ್ಷ ತಮ್ಮ ಹೆಗಲ ಮೇಲಿದ್ದ ಮಸಿಬಟ್ಟೆಯನ್ನು ಮಡಚಿ, ತಂಗಿಯ ಅರೆಯುವ ಕಲ್ಲಿನ ಮೇಲಿಟ್ಟರು.

"ಕಲ್ಲು ಭಾರ ಇದೆ," ಎಂದರು ಫಿದೆಲಿಯಾ, ಈ ಸಲ ಮೆತ್ತಗೆ. "ಮೊದಲ ವಾರ ಭುಜ ನೋಯುತ್ತೆ."

ಮುಂದಿನ ಗುರುವಾರ ಹುರಿಯುವವರು ಫಿದೆಲಿಯಾ. ಅರೆಯುವವರು ಒರ್ತೆನ್ಸಿಯಾ.